ಕಡಕ್‌ನಾಥ್ ಕೋಳಿ: ತಳಿ ಬೆರಕೆಯಾಗದಂತೆ ಹಿತ್ತಲಲ್ಲಿ ಸಾಕುವ ಕ್ರಮ

ಮಧ್ಯಪ್ರದೇಶದ ಪಶ್ಚಿಮ ಅಂಚಿನ ಝಾಬುವಾ, ಅಲಿರಾಜಪುರ ಮತ್ತು ಧಾರ್ ಜಿಲ್ಲೆಗಳ ಗುಡ್ಡಗಾಡಿನಲ್ಲಿ ಭಿಲ್ ಮತ್ತು ಭಿಲಾಲಾ ಸಮುದಾಯದವರು ತಲೆಮಾರುಗಳಿಂದ ಮನೆಯಂಗಳದಲ್ಲಿ ಸಾಕಿಕೊಂಡು ಬಂದ ಕೋಳಿಯೇ ಕಡಕ್‌ನಾಥ್. ಅಲ್ಲಿನವರು ಇದನ್ನು ‘ಕಾಲಿ ಮಾಸಿ’, ಅಂದರೆ ಕಪ್ಪು ಮಾಂಸದ ಕೋಳಿ ಎಂದು ಕರೆಯುತ್ತಾರೆ; ದೀಪಾವಳಿಯ ನಂತರ ದೇವಿಗೆ ಒಪ್ಪಿಸುವ ಹರಕೆಯಲ್ಲಿ ಇದಕ್ಕೆ ಸ್ಥಾನವಿದೆ. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಮೇಲೆ ದೇಶದೆಲ್ಲೆಡೆ ಇದರ ಹೆಸರು ಹರಡಿತು, ಕರ್ನಾಟಕದ ಬಯಲುಸೀಮೆಯಿಂದ ಕರಾವಳಿಯವರೆಗೂ ಇದರ ಮರಿಗಳು ಬಂದವು. ಹೆಸರಿನ ಜೊತೆಗೆ ಬೆರಕೆಯೂ ಹರಡಿತು. ಇಂದು ಕಪ್ಪು ಗರಿಯ ಕೋಳಿ ಎಲ್ಲೆಡೆ ಸಿಗುತ್ತದೆ, ಆದರೆ ತನ್ನ ಮೊಮ್ಮರಿಯಲ್ಲೂ ಅದೇ ಗುಣವನ್ನು ಉಳಿಸುವ ಕೋಳಿ ಸಿಗುವುದು ಕಷ್ಟ. ಸಾವಿರ ಕೋಳಿಗಳ ಫಾರ್ಮ್ ಕಟ್ಟುವವರಿಗಾಗಿ ಈ ಬರಹವಲ್ಲ. ಹದಿನೈದು ಇಪ್ಪತ್ತು ಕೋಳಿಗಳನ್ನಿಟ್ಟುಕೊಂಡು ತಳಿಯನ್ನು ಶುದ್ಧವಾಗಿ ಮುಂದಿನ ವರ್ಷಕ್ಕೆ ದಾಟಿಸಬೇಕೆನ್ನುವವರಿಗಾಗಿ ಬರೆದದ್ದು.

ಕೊಳ್ಳುವ ಮೊದಲು ನೋಡಬೇಕಾದದ್ದು

ಕಡಕ್‌ನಾಥ್‌ನಲ್ಲಿ ಮೂರು ಬಗೆಗಳಿವೆ: ಪೂರ್ತಿ ಕಡುಗಪ್ಪು ಗರಿಯದ್ದು, ಕಪ್ಪಿನ ಮೇಲೆ ಬಿಳಿ ಗೆರೆಗಳಿರುವ ಪೆನ್ಸಿಲ್ಡ್, ಮತ್ತು ಕತ್ತು ಬೆನ್ನುಗಳಲ್ಲಿ ಹೊಂಬಣ್ಣ ಹೊಳೆಯುವ ಗೋಲ್ಡನ್. ಹೀಗಾಗಿ ಗರಿಯಲ್ಲಿ ಹೊನ್ನಿನ ಬಣ್ಣ ಕಂಡಿತೆಂದು ಕೋಳಿಯನ್ನು ತಿರಸ್ಕರಿಸುವುದೂ ತಪ್ಪು, ಗರಿ ಇದ್ದಿಲಿನಂತಿದೆ ಎಂದು ನಂಬಿ ಕೊಳ್ಳುವುದೂ ತಪ್ಪು. ನೋಡಬೇಕಾದದ್ದು ಗರಿಯ ಒಳಗಿನ ಮೈಯನ್ನು. ಎದೆಯ ಗರಿಯನ್ನು ಊದಿ ಬಿಡಿಸಿದರೆ ಚರ್ಮ ಬೂದುಗಪ್ಪಾಗಿ ಕಾಣಬೇಕು; ಬಾಯಿ ತೆರೆಸಿದರೆ ನಾಲಗೆ ಮತ್ತು ಅಂಗುಳಗಳೂ ಕಪ್ಪಿರಬೇಕು; ಕೊಕ್ಕು, ಕಾಲು, ಉಗುರು, ಅಂಗಾಲು ಎಲ್ಲವೂ ಕಪ್ಪು ಛಾಯೆಯಲ್ಲಿರಬೇಕು. ಜುಟ್ಟು ಮತ್ತು ಗದ್ದದ ಜೋಲುಗಳು ನೇರಳೆ ಬೆರೆತ ಕಪ್ಪಾಗಿರುತ್ತವೆ, ಬಲಿತ ಹುಂಜದಲ್ಲಿ ನೇರಳೆ ತುಸು ಹೆಚ್ಚಿರುವುದು ಸಹಜ. ಆದರೆ ನಾಟಿ ಹುಂಜದ ಜುಟ್ಟಿನಂತೆ ಕೆಂಪಾಗಿದ್ದರೆ ಅನುಮಾನಿಸಬೇಕು. ಒಂದು ದಿನದ ಮರಿಯ ಮೈ ನೀಲಿಗಪ್ಪಿನಿಂದ ಕಪ್ಪಿನವರೆಗೆ ಇದ್ದು, ಬೆನ್ನಿನ ಮೇಲೆ ಅಂಕುಡೊಂಕಾದ ಗಾಢ ಪಟ್ಟೆಗಳಿರುತ್ತವೆ.

ಮೊಟ್ಟೆ ಮಾತ್ರ ಕಪ್ಪಲ್ಲ. ಅದು ನಸುಗಂದು ಬಣ್ಣದ್ದು, ಕೆಲವೊಮ್ಮೆ ಗುಲಾಬಿ ಛಾಯೆ ಇರುತ್ತದೆ. ಕಪ್ಪು ಮೊಟ್ಟೆಯ ಚಿತ್ರ ತೋರಿಸಿ ಮಾರುವವರಿಂದ ಏನನ್ನೂ ಕೊಳ್ಳಬಾರದು.

ಈಗ ಹೇಳುವ ವಿಷಯವನ್ನು ಕೋಳಿ ಕೊಳ್ಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ, ಆದರೆ ತಳಿ ಉಳಿಸುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಒಳಮೈಯನ್ನು ಕಪ್ಪಾಗಿಸುವ ಗುಣ ಚೀನಾದ ಸಿಲ್ಕಿ, ಇಂಡೋನೇಷ್ಯಾದ ಆಯಮ್ ಚೆಮಾನಿ ತಳಿಗಳಲ್ಲೂ ಇದೆ, ಮತ್ತು ಆ ಗುಣದ ಮೂಲ ಕೋಳಿಯ 20ನೆಯ ವರ್ಣತಂತುವಿನಲ್ಲಿ ಆದ ಒಂದು ಮರುಜೋಡಣೆಯಲ್ಲಿದೆ ಎಂಬುದು 2011ರಲ್ಲಿ ಸ್ಪಷ್ಟವಾಯಿತು. ಈ ಗುಣ ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಮೇಲುಗೈ ಪಡೆಯುತ್ತದೆ. ಆದರೆ ಕಪ್ಪನ್ನು ತಡೆಯುವ ಇನ್ನೊಂದು ಗುಣವೂ ಇದೆ, ಅದು ಲಿಂಗವನ್ನು ನಿರ್ಧರಿಸುವ ವರ್ಣತಂತುವಿನ ಮೇಲಿದೆ. ಹಳದಿ ಅಥವಾ ಬಿಳಿ ಕಾಲಿನ ಕೋಳಿಗಳಲ್ಲಿ ಅದು ಸಾಮಾನ್ಯ. ಕೋಳಿಗಳಲ್ಲಿ ಹೆಣ್ಣುಮರಿ ಈ ವರ್ಣತಂತುವನ್ನು ತಂದೆಯಿಂದ ಮಾತ್ರ ಪಡೆಯುತ್ತದೆ. ಇದರ ಪರಿಣಾಮವೇನೆಂದರೆ, ಕಡಕ್‌ನಾಥ್ ಹುಂಜವನ್ನು ಹಳದಿ ಕಾಲಿನ ಬೇರೆ ಹೇಂಟೆಗೆ ಬಿಟ್ಟಾಗ ಹುಟ್ಟುವ ಹೆಣ್ಣುಮರಿಗಳು ಅಪ್ಪನಷ್ಟೇ ಕಪ್ಪಾಗಿ ಕಾಣುತ್ತವೆ, ಗಂಡುಮರಿಗಳಲ್ಲಿ ಮಾತ್ರ ಜುಟ್ಟು, ಚರ್ಮಗಳ ಬಣ್ಣ ತಿಳಿಯಾಗುತ್ತದೆ. ಆದ್ದರಿಂದ ಕಪ್ಪು ಹೇಂಟೆ ಶುದ್ಧತೆಗೆ ಸಾಕ್ಷಿಯಲ್ಲ. ಹೇಂಟೆಗಳನ್ನು ಕೊಳ್ಳುವಾಗ ಅದೇ ತಾಯಿಯ, ಅದೇ ಸೂಲಿನ ಹುಂಜಗಳನ್ನು ತೋರಿಸಿ ಎಂದು ಕೇಳಬೇಕು. ತಂಗಿಯ ಮೈ ಮುಚ್ಚಿಟ್ಟದ್ದನ್ನು ಅಣ್ಣನ ಜುಟ್ಟು ಹೇಳಿಬಿಡುತ್ತದೆ. ಹುಂಜಗಳನ್ನು ತೋರಿಸಲು ಮಾರುವವರು ಹಿಂಜರಿದರೆ ಅಲ್ಲಿಂದ ಹಿಂತಿರುಗುವುದು ಒಳ್ಳೆಯದು.

ಕಪ್ಪು ಕಾಲಿನ ನಾಟಿ ಹೇಂಟೆಗಳಿಗೆ ಬೆರೆಸಿದ್ದರೆ ಈ ಪರೀಕ್ಷೆಯೂ ಸೋಲಬಹುದು, ಏಕೆಂದರೆ ಆಗ ಗಂಡುಮರಿಗಳೂ ಕಪ್ಪಾಗಿಯೇ ಹುಟ್ಟುತ್ತವೆ. ಅಂಥ ಬೆರಕೆ ಬಯಲಾಗುವುದು ಮುಂದಿನ ತಲೆಮಾರಿನಲ್ಲಿ: ಹುಂಜ ಮತ್ತು ಹೇಂಟೆ ಎರಡೂ ಬೆರಕೆಯವಾಗಿದ್ದರೆ ಸರಾಸರಿ ನಾಲ್ಕರಲ್ಲೊಂದು ಮರಿಯ ಚರ್ಮ ಬೆಳ್ಳಗೆ ಬರುತ್ತದೆ. ಹೀಗೆ ಒಂದೇ ಒಂದು ಬಿಳಿಚರ್ಮದ ಮರಿ ಬಂದರೂ ಅದರ ತಂದೆತಾಯಿಗಳಿಬ್ಬರನ್ನೂ ತಳಿಯ ಗುಂಪಿನಿಂದ ತೆಗೆಯಬೇಕು. ಮರಿಯನ್ನಷ್ಟೇ ತೆಗೆದು ತಂದೆತಾಯಿಗಳನ್ನು ಉಳಿಸಿಕೊಂಡರೆ ದೋಷ ಗೂಡಿನಲ್ಲೇ ಉಳಿಯುತ್ತದೆ.

ಝಾಬುವಾದ ಕೃಷಿ ವಿಜ್ಞಾನ ಕೇಂದ್ರ ಈ ತಳಿಯ ಮರಿಗಳನ್ನು ಬೆಳೆಸಿ ಹಂಚುವ ಕೆಲಸ ಮಾಡುತ್ತ ಬಂದಿದೆ. ಅಷ್ಟು ದೂರದಿಂದ ತರಿಸಲಾಗದವರು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಅಥವಾ ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮೂಲ ತಿಳಿದಿರುವ ಕಡೆಯಿಂದಲೇ ತರಬೇಕು. ಮರಿ ಕೊಟ್ಟು, ಬೆಳೆಸಿದ ಮೇಲೆ ದೊಡ್ಡ ಬೆಲೆಗೆ ತಾವೇ ಮರಳಿ ಕೊಳ್ಳುವೆವು ಎಂಬ ಕರಾರಿನಲ್ಲಿ ಸಿಕ್ಕಿಕೊಳ್ಳಬಾರದು. 2019ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದ ಅನೇಕ ರೈತರು ಇಂಥ ಕರಾರನ್ನು ನಂಬಿ ಹಣ ಕಳೆದುಕೊಂಡರು.

ಗೂಡು

ಕಡಕ್‌ನಾಥ್ ಚುರುಕು ಕೋಳಿ. ಬಲಿತ ಹುಂಜ 1.8ರಿಂದ 2 ಕಿಲೋ, ಹೇಂಟೆ 1.2ರಿಂದ 1.5 ಕಿಲೋ ತೂಗುತ್ತದೆ. ಮೈ ಹಗುರವಾದ್ದರಿಂದ ಸಲೀಸಾಗಿ ಹಾರಿ ಬೇಲಿಯ ಮೇಲೂ ಮರದ ಮೇಲೂ ಕೂರುತ್ತದೆ. ಮರ ಹತ್ತಿ ರಾತ್ರಿ ಕಳೆಯುವ ಅಭ್ಯಾಸ ಬೆಳೆದರೆ ಮತ್ತೆ ಗೂಡಿಗೆ ತರುವುದು ಕಷ್ಟ, ಆದ್ದರಿಂದ ತಂದ ಮೊದಲ ಹತ್ತು ದಿನ ಹೊರಗೆ ಬಿಡದೆ ಗೂಡಿನಲ್ಲೇ ಮೇವು ನೀರು ಕೊಟ್ಟು, ಆಮೇಲೆ ಸಂಜೆ ಮೇವಿನ ಹೊತ್ತಿಗೆ ಒಂದು ಗಂಟೆ ಮೊದಲು ಬಿಟ್ಟು ರೂಢಿ ಮಾಡಿಸಬೇಕು.

ಒಂದು ಕೋಳಿಗೆ ಎರಡರಿಂದ ಎರಡೂವರೆ ಚದರ ಅಡಿ ಜಾಗ ಸಿಗುವಂತೆ ಗೂಡು ಕಟ್ಟಿ, ನೆಲದಲ್ಲಿ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಭತ್ತದ ಹೊಟ್ಟು ಹರಡಿ, ಅದು ಒದ್ದೆಯಾದ ಕಡೆ ತೆಗೆದು ಸುಣ್ಣ ಉದುರಿಸಿ ಹೊಸದು ಹಾಕುತ್ತಿರಬೇಕು. ಕೂರಲು ಅಡ್ಡಗಳು ಬೇಕು, ಒಂದಕ್ಕೆ ಎಂಟು ಅಂಗುಲದ ಲೆಕ್ಕದಲ್ಲಿ. ಐದು ಹೇಂಟೆಗಳಿಗೊಂದರಂತೆ, ಒಂದಡಿ ಉದ್ದ ಒಂದಡಿ ಅಗಲದ ಮೊಟ್ಟೆಗೂಡುಗಳನ್ನು ಬೆಳಕು ಕಡಿಮೆಯಿರುವ ಮೂಲೆಯಲ್ಲಿಡಬೇಕು. ಗೂಡಿನ ಕಿಟಕಿಗೆ ಅರ್ಧ ಅಂಗುಲದ ಕಣ್ಣಿನ ಜಾಲರಿಯನ್ನೇ ಹಾಕಬೇಕು; ಅದಕ್ಕಿಂತ ದೊಡ್ಡ ಕಣ್ಣಿದ್ದರೆ ಹಾವು ಬರುತ್ತದೆ, ಮುಂಗುಸಿ ಕಾಲು ತೂರಿಸಿ ಮರಿಯನ್ನು ಎಳೆಯುತ್ತದೆ.

ಹುಂಜ, ಹೇಂಟೆ ಮತ್ತು ಮೊಟ್ಟೆ

ಒಂದು ಹುಂಜಕ್ಕೆ ಆರರಿಂದ ಎಂಟು ಹೇಂಟೆಗಳು ಸಾಕು. ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಈ ತಳಿಗೆ ಕೊಡುವ ಅಂಕಿಗಳ ಪ್ರಕಾರ ಹೇಂಟೆ ಸುಮಾರು 180 ದಿನಕ್ಕೆ ಮೊಟ್ಟೆಗೆ ಬರುತ್ತದೆ, ವರ್ಷಕ್ಕೆ 105ರಷ್ಟು ಮೊಟ್ಟೆ ಇಡುತ್ತದೆ. ಆದರೆ ಇಟ್ಟ ಮೊಟ್ಟೆಗಳಲ್ಲಿ ಫಲಗೊಂಡವು 55 ಪ್ರತಿಶತ, ಫಲಗೊಂಡವುಗಳಲ್ಲಿ ಮರಿಯಾಗುವುದು 52 ಪ್ರತಿಶತ ಮಾತ್ರ. ಹಿತ್ತಲಿನ ಸಾಕಣೆಯಲ್ಲಿ ಮೊಟ್ಟೆ ಇದಕ್ಕಿಂತ ಕಡಿಮೆಯೇ ಬರುತ್ತದೆಂದು ಇಟ್ಟುಕೊಳ್ಳಬೇಕು. ಮರಿಯ ಲೆಕ್ಕವನ್ನು ಮಾತ್ರ ನಮ್ಮ ಎಚ್ಚರಿಕೆಯಿಂದ ಸುಧಾರಿಸಿಕೊಳ್ಳಬಹುದು.

ಬೇರೆ ಜಾತಿಯ ಹುಂಜದೊಡನೆ ಇದ್ದ ಹೇಂಟೆಯನ್ನು ತಂದಿದ್ದರೆ, ತಂದ ಕೂಡಲೇ ಅದರ ಮೊಟ್ಟೆಯನ್ನು ಮರಿಗೆ ಇಡಬಾರದು. ಹೇಂಟೆಯ ಮೈಯಲ್ಲಿ ಹುಂಜದ ವೀರ್ಯ ಎರಡು ಮೂರು ವಾರ ಜೀವಂತವಾಗಿ ಉಳಿದು ಮೊಟ್ಟೆಗಳನ್ನು ಫಲಗೊಳಿಸುತ್ತಲೇ ಇರುತ್ತದೆ. ಪೂರ್ತಿ ಮೂರು ವಾರ ಪ್ರತ್ಯೇಕವಾಗಿಟ್ಟು, ಆ ಅವಧಿಯ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ನಂತರವೇ ನಮ್ಮ ಹುಂಜದೊಡನೆ ಬಿಟ್ಟು ಮರಿಮೊಟ್ಟೆ ಕೂಡಿಡಬೇಕು. ಪಕ್ಕದ ಮನೆಯ ನಾಟಿ ಹುಂಜ ಬೇಲಿ ಹಾರಿ ಬಂದು ಹೋದದ್ದು ಕಂಡರೂ ಇದೇ ನಿಯಮ. ಊರಿನ ಬೀದಿಯಲ್ಲಿ ಕೋಳಿಗಳನ್ನು ಬಿಟ್ಟು ಸಾಕುವ ನಮ್ಮ ಕಡೆ ತಳಿ ಕೆಡುವುದು ಹೆಚ್ಚಾಗಿ ಹೀಗೆಯೇ, ಆದ್ದರಿಂದ ಮರಿಮೊಟ್ಟೆ ಕೂಡಿಡುವ ತಿಂಗಳಲ್ಲಾದರೂ ತಳಿಯ ಗುಂಪನ್ನು ಬಲೆ ಹಾಕಿದ ಅಂಗಳದಲ್ಲೇ ಇರಿಸಬೇಕು.

ಮೊಟ್ಟೆಯನ್ನು ದಿನಕ್ಕೆರಡು ಬಾರಿ ಎತ್ತಿ, ಚೂಪು ತುದಿ ಕೆಳಗಾಗುವಂತೆ ತಂಪು ಜಾಗದಲ್ಲಿಡಬೇಕು. ತೊಳೆಯಬಾರದು, ಕೊಳಕಾದದ್ದನ್ನು ಮರಿಗೆ ಇಡಲೇಬಾರದು. ಬೇಸಿಗೆಯಲ್ಲಿ ಒದ್ದೆ ಮರಳಿನ ಮೇಲೆ ಮಡಕೆ ಕೂರಿಸಿ, ಅದರೊಳಗೆ ಮೊಟ್ಟೆಯಿಟ್ಟು ಬಟ್ಟೆ ಮುಚ್ಚಿದರೆ ಕೆಡದೆ ಉಳಿಯುತ್ತವೆ. ಏಳು ದಿನ ದಾಟಿದ ಮೊಟ್ಟೆಯಲ್ಲಿ ಮರಿಯಾಗುವ ಸಾಧ್ಯತೆ ದಿನದಿನಕ್ಕೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮರಿ ಮಾಡಿಸದಿರುವುದೇ ಲೇಸು. ಕಾರ್ತಿಕದಿಂದ ಮಾಘದವರೆಗಿನ ಕಾಲ ಎಲ್ಲಕ್ಕಿಂತ ಉತ್ತಮ.

ಕಾವಿಗೆ ನಾಟಿ ಹೇಂಟೆ

ಕಡಕ್‌ನಾಥ್ ಹೇಂಟೆ ಕಾವಿಗೆ ಕೂರುವುದರಲ್ಲಿ ಹಿಂದೆ. ಕೆಲವು ಕೂತರೂ ವಾರ ಕಳೆಯುವುದರೊಳಗೆ ಎದ್ದುಹೋಗುತ್ತವೆ, ಆಗ ಒಳಗಿನ ಜೀವಗಳೆಲ್ಲ ಹೋಗುತ್ತವೆ. ಅದಕ್ಕಾಗಿ ಕಾವಿಗೆ ನಂಬಿಕಸ್ಥ ನಾಟಿ ಹೇಂಟೆಯನ್ನು ಆಶ್ರಯಿಸಬೇಕು. ಇನ್‌ಕ್ಯುಬೇಟರ್ ಇದ್ದವರು 37.5 ಡಿಗ್ರಿ ಸೆಲ್ಸಿಯಸ್ ಶಾಖ, 55ರಿಂದ 60 ಪ್ರತಿಶತ ತೇವ ಇಟ್ಟು, 18ನೆಯ ದಿನದವರೆಗೆ ಮೊಟ್ಟೆ ತಿರುಗಿಸಿ, ಕೊನೆಯ ಮೂರು ದಿನ ತಿರುಗಿಸುವುದನ್ನು ನಿಲ್ಲಿಸಿ ತೇವ ಹೆಚ್ಚಿಸಿ ಮರಿ ತೆಗೆಯಬಹುದು. ಆದರೆ ವಿದ್ಯುತ್ತಿನ ಭರವಸೆ ಇಲ್ಲದ ಹಳ್ಳಿಯಲ್ಲಿ, ಹತ್ತು ಹನ್ನೆರಡು ಮೊಟ್ಟೆಗಳ ಮಟ್ಟಿಗೆ, ನಾಟಿ ಹೇಂಟೆಯ ಎದೆಗೆ ಸಮನಾದ ಯಂತ್ರವಿಲ್ಲವೆಂದೇ ನಾನು ಭಾವಿಸುತ್ತೇನೆ. ಅದು ಕಾವು ಕೊಡುವುದಷ್ಟೇ ಅಲ್ಲ, ಮರಿಯಾದ ಮೇಲೆ ಕೆದಕುವುದನ್ನೂ ಹದ್ದು ಕಂಡರೆ ಅಡಗುವುದನ್ನೂ ಕಲಿಸುತ್ತದೆ.

ಹಿಂದೊಮ್ಮೆ ಮರಿ ಮಾಡಿ ಸಾಕಿದ, ಎರಡು ಕಿಲೋ ಹತ್ತಿರ ತೂಗುವ ಹೇಂಟೆಯನ್ನು ಆರಿಸಬೇಕು. ಗರಿ ಕೆದರಿಕೊಂಡು, ಗಂಟಲಲ್ಲೇ ಗುರುಗುಟ್ಟುತ್ತ, ರಾತ್ರಿಯೂ ಮೊಟ್ಟೆಗೂಡು ಬಿಡದೆ ಕೂತರೆ ಅದಕ್ಕೆ ಕಾವು ಬಂದಿದೆ ಎಂದರ್ಥ. ಮೊದಲ ಎರಡು ದಿನ ಹಾಳು ಮೊಟ್ಟೆಗಳ ಮೇಲೆ ಕೂರಿಸಿ ಮನಸ್ಸು ಗಟ್ಟಿಯಾಗಿದೆಯೇ ಎಂದು ನೋಡಬೇಕು. ರೆಕ್ಕೆಯಡಿ ಹೇನಿದ್ದರೆ ಇಪ್ಪತ್ತೊಂದು ದಿನ ಅದು ನೆಮ್ಮದಿಯಾಗಿ ಕೂರಲಾರದು, ಹಾಗಾಗಿ ಮೊದಲೇ ಪಶುವೈದ್ಯರು ಹೇಳಿದ ಪುಡಿ ಹಚ್ಚಿ ಶುಚಿ ಮಾಡಬೇಕು. ಬಿದಿರಿನ ಕುಕ್ಕೆಯಲ್ಲಿ ಒಲೆಯ ಬೂದಿ ಹರಡಿ, ಅದರ ಮೇಲೆ ಒಣಹುಲ್ಲಿನ ಬಟ್ಟಲು ಮಾಡಿ, ಕತ್ತಲಾದ ಮೇಲೆ ಹತ್ತರಿಂದ ಹನ್ನೆರಡು ಕಡಕ್‌ನಾಥ್ ಮೊಟ್ಟೆಗಳನ್ನು ಅದರಡಿಗೆ ಸರಿಸಬೇಕು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಹಿರಿಯರು ಕುಕ್ಕೆಯಲ್ಲಿ ಇದ್ದಿಲಿನ ಚೂರೋ ಕಬ್ಬಿಣದ ತುಂಡೋ ಇಡುತ್ತಾರೆ, ಅದರಿಂದ ತೊಂದರೆಯೇನಿಲ್ಲ. ನಾಟಿ ಮೊಟ್ಟೆಗೂ ಇದಕ್ಕೂ ಬಣ್ಣದಲ್ಲಿ ಹೆಚ್ಚು ಭೇದವಿಲ್ಲದ ಕಾರಣ ಪ್ರತಿ ಮೊಟ್ಟೆಗೂ ಪೆನ್ಸಿಲ್ಲಿನಿಂದ ಗುರುತು ಹಾಕುವುದನ್ನು ಮರೆಯಬಾರದು. ಕೂತ ಹೇಂಟೆಯೇ ಒಂದೆರಡು ಮೊಟ್ಟೆ ಇಡಬಹುದು, ಇನ್ನೊಂದು ಹೇಂಟೆ ಬಂದು ಇಟ್ಟುಹೋಗಬಹುದು. ಗುರುತಿಲ್ಲದ ಮೊಟ್ಟೆಯನ್ನು ಅಂದಂದೇ ತೆಗೆಯದಿದ್ದರೆ ಬೆರಕೆ ಮರಿ ನಮ್ಮ ಕೈಯಿಂದಲೇ ಹುಟ್ಟಿದಂತಾಗುತ್ತದೆ.

ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಹೇಂಟೆ ಎದ್ದು ಜೋಳವೋ ರಾಗಿಯೋ ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಬರಲಿ. ಏಳನೆಯ ದಿನ ರಾತ್ರಿ ರಟ್ಟಿನಲ್ಲಿ ತೂತು ಮಾಡಿ ಟಾರ್ಚ್ ಹಿಡಿದು ನೋಡಿದರೆ ಫಲಗೊಂಡ ಮೊಟ್ಟೆಯಲ್ಲಿ ಜೇಡನ ಬಲೆಯಂಥ ಕೆಂಪು ನರಗಳು ಕಾಣುತ್ತವೆ. ತಿಳಿಯಾಗಿ ಉಳಿದದ್ದನ್ನು ತೆಗೆದುಬಿಡಬೇಕು. ಇಪ್ಪತ್ತೊಂದನೆಯ ದಿನ ಚಿಪ್ಪು ಬಿರಿಯತೊಡಗಿದಾಗ ಸಹಾಯ ಮಾಡಲು ಕೈ ಹಾಕಬಾರದು.

ಮೊದಲ ಐದು ವಾರ

ಈ ತಳಿಯಲ್ಲಿ ಸಾವು ಹೆಚ್ಚಾಗುವುದು ಮೊದಲ ನಾಲ್ಕೈದು ವಾರಗಳಲ್ಲಿ, ಅದಕ್ಕೆ ಹೆಚ್ಚಿನ ಸಲ ಕಾರಣ ಚಳಿ, ಒದ್ದೆ ನೆಲ ಮತ್ತು ಒತ್ತೊತ್ತಾಗಿ ತುಂಬುವುದು. ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರ 35 ಡಿಗ್ರಿ ಶಾಖ ಬೇಕು, ನಂತರ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡುವುದು ಒಳ್ಳೆಯದು: ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಕೀಚಿದರೆ ಶಾಖ ಸಾಲದು, ದೂರ ಸರಿದು ಬಾಯ್ದೆರೆದರೆ ಹೆಚ್ಚಾಗಿದೆ, ಎಲ್ಲೆಡೆ ಹರಡಿಕೊಂಡು ಮಲಗಿದ್ದರೆ ಸರಿಯಾಗಿದೆ. ಮೂಲೆಯಲ್ಲಿ ಗುಂಪುಗೂಡಿ ಉಸಿರುಕಟ್ಟದಂತೆ ತಗಡನ್ನೋ ರಟ್ಟನ್ನೋ ದುಂಡಗೆ ಸುತ್ತಬೇಕು. ಹೊಟ್ಟಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಮೊದಲ ದಿನ ಬೆಲ್ಲದ ನೀರು ಮತ್ತು ನುಣ್ಣನೆಯ ಜೋಳದ ನುಚ್ಚು ಕೊಟ್ಟು, ನಂತರ 20 ಪ್ರತಿಶತ ಪ್ರೋಟೀನಿರುವ ಮರಿಮೇವಿಗೆ ತರಬೇಕು. ಮೊಟ್ಟೆಕೋಳಿಯ ಮೇವನ್ನು ಮರಿಗಳಿಗೆ ಹಾಕಬಾರದು, ಅದರಲ್ಲಿರುವ ಹೆಚ್ಚಿನ ಸುಣ್ಣ ಎಳೆಯ ಮೂತ್ರಪಿಂಡವನ್ನು ಕೆಡಿಸುತ್ತದೆ.

ಮಳೆಗಾಲದಲ್ಲಿ ನೆಲ ಒದ್ದೆಯಾದರೆ ರಕ್ತಭೇದಿ ಬರುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಪಶುವೈದ್ಯರಿಂದ ಔಷಧ ತರಬೇಕು, ನಾಳೆಗೆ ಬಿಟ್ಟರೆ ಅರ್ಧ ಗುಂಪು ಹೋಗಬಹುದು.

ಕಡಕ್‌ನಾಥ್‌ಗೆ ರೋಗವೇ ಬರುವುದಿಲ್ಲ ಎಂಬ ಮಾತನ್ನು ನಂಬಿ ಲಸಿಕೆ ಬಿಟ್ಟವರು ಕೊಕ್ಕರೆ ರೋಗ (ರಾಣಿಖೇತ್) ಬಂದಾಗ ಗೂಡನ್ನೇ ಕಳೆದುಕೊಳ್ಳುತ್ತಾರೆ. ಐದರಿಂದ ಏಳನೆಯ ದಿನದೊಳಗೆ ಕೊಕ್ಕರೆ ರೋಗದ ಲಸೋಟಾ ಅಥವಾ ಎಫ್-1 ಲಸಿಕೆಯ ಒಂದು ಹನಿ ಕಣ್ಣಿಗೆ, ಹದಿನಾಲ್ಕನೆಯ ದಿನ ಗುಂಬೋರೋ ಎಂಬ ಮರಿರೋಗದ ಲಸಿಕೆ, ನಾಲ್ಕನೆಯ ವಾರ ಮತ್ತೊಮ್ಮೆ ಲಸೋಟಾ, ಆರೇಳನೆಯ ವಾರ ಸಿಡುಬಿನ ಲಸಿಕೆ, ಎಂಟರಿಂದ ಹತ್ತನೆಯ ವಾರದೊಳಗೆ ಕೊಕ್ಕರೆ ರೋಗಕ್ಕೇ ಆರ್-2-ಬಿ ಚುಚ್ಚುಮದ್ದು. ಕೊನೆಯದಕ್ಕೆ ಒಂದು ವಾರ ಮೊದಲು ಜಂತುಹುಳುವಿನ ಔಷಧ ಕೊಡಬೇಕು. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗಾಗುವಷ್ಟು ಇರುವುದರಿಂದ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಒಂದೇ ದಿನ ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ, ಓಣಿಯ ಕೋಳಿಗಳೆಲ್ಲ ಉಳಿಯುತ್ತವೆ.

ಬೆಳೆದ ಕೋಳಿಗಳು ಹಗಲೆಲ್ಲ ಮೇಯುತ್ತಿದ್ದರೆ ಸಂಜೆ ತಲಾ 40ರಿಂದ 50 ಗ್ರಾಂ ರಾಗಿ, ಜೋಳದ ನುಚ್ಚು, ತೌಡು ಮತ್ತು ಸ್ವಲ್ಪ ಕಡಲೆಕಾಯಿ ಹಿಂಡಿ ಸಾಕು. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಅದನ್ನು ಎಸೆಯಲೇಬೇಕು, ಆ ವಿಷ ಕೋಳಿಯ ಈಲಿಯನ್ನು ಕೊಲ್ಲುತ್ತದೆ. ನುಗ್ಗೆಸೊಪ್ಪು, ಅಜೋಲಾ ಒಳ್ಳೆಯವು. ಹಳೆಯ ಮಡಕೆಯಲ್ಲಿ ಹುಲ್ಲು ಸಗಣಿ ತುಂಬಿ ಗೆದ್ದಲಿನ ಹುತ್ತದ ಬಳಿ ಕವುಚಿಟ್ಟರೆ ಮರುದಿನಕ್ಕೆ ಮರಿಗಳಿಗೆ ಗೆದ್ದಲಿನ ಮೇವು ಸಿದ್ಧ. ಮೊಟ್ಟೆ ಇಡುವ ಹೇಂಟೆಗಳಿಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಡಬೇಕು. ಬ್ರಾಯ್ಲರ್ ಮೇವು ಬೇಡ. 20 ವಾರಕ್ಕೆ ಒಂದು ಕಿಲೋ ಹತ್ತಿರ ಬರುವುದು ಈ ಕೋಳಿಯ ಸಹಜ ಬೆಳವಣಿಗೆ, ಅದನ್ನು ಅವಸರಪಡಿಸಿದರೆ ಕೊಬ್ಬು ಬೆಳೆಯುತ್ತದೆಯೇ ಹೊರತು ತಳಿ ಬೆಳೆಯುವುದಿಲ್ಲ.

ಹುಂಜಗಳನ್ನು ಬದಲಿಸುವ ಸರದಿ

ಒಂದೇ ಹುಂಜದ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಅದೇ ಗೂಡಿನಲ್ಲಿ ಬಿಟ್ಟರೆ ನಾಲ್ಕೈದು ತಲೆಮಾರಿನೊಳಗೆ ಮೊಟ್ಟೆ ಫಲಿಸುವುದು ಇಳಿಯುತ್ತದೆ, ಮರಿ ಬಡಕಲಾಗುತ್ತದೆ. ಆಗ ಬೇಸತ್ತು ಹೊರಗಿನ ಯಾವುದೋ ಕಪ್ಪು ಹುಂಜವನ್ನು ತಂದು ಬಿಡುತ್ತಾರೆ, ತಳಿ ಮುಗಿಯುವುದು ಅಲ್ಲಿಗೆ. ಇದನ್ನು ತಪ್ಪಿಸಲು ಗುಂಪನ್ನು ಮೂರು ಮಾಡಿ, ಪ್ರತಿ ಗುಂಪಿಗೆ ಒಂದು ಹುಂಜ ಮತ್ತು ಐದಾರು ಹೇಂಟೆಗಳನ್ನಿಟ್ಟು, ಕೆಂಪು, ಹಳದಿ, ಹಸಿರು ಬಣ್ಣದ ಕಾಲುಂಗುರ ಹಾಕಬೇಕು. ಹೆಣ್ಣುಮರಿಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ. ಗಂಡುಮರಿಗಳಲ್ಲಿ ಆಯ್ದದ್ದು ಮುಂದಿನ ಗುಂಪಿಗೆ ಹೋಗುತ್ತದೆ, ಕೆಂಪಿನದು ಹಳದಿಗೆ, ಹಳದಿಯದು ಹಸಿರಿಗೆ, ಹಸಿರಿನದು ಕೆಂಪಿಗೆ. ಮೂರು ಗೂಡು ಕಟ್ಟಲಾಗದಿದ್ದರೆ ನಂಬಿಕೆಯ ಮೂರು ಮನೆಯವರು ಒಂದೊಂದು ಗುಂಪನ್ನು ಸಾಕಿಕೊಂಡು ಹುಂಜಗಳನ್ನಷ್ಟೇ ಬದಲಿಸಿಕೊಳ್ಳಬಹುದು, ಒಂದು ಮನೆಗೆ ರೋಗ ಬಂದರೂ ಉಳಿದೆರಡರಲ್ಲಿ ತಳಿ ಇರುತ್ತದೆ.

ಹುಂಜವನ್ನು ಆರಿಸುವಾಗ ಐದು ತಿಂಗಳು ತುಂಬುವವರೆಗೆ ಕಾಯಬೇಕು, ಏಕೆಂದರೆ ಜುಟ್ಟಿನ ನಿಜವಾದ ಬಣ್ಣ ಕಾಣುವುದು ಅದು ಬೆಳೆದ ಮೇಲೆಯೇ. ನಾಲಗೆ ಮತ್ತು ಅಂಗುಳ ಕಪ್ಪಾಗಿರುವ, ಕಾಲು ನೆಟ್ಟಗಿರುವ, ಹೇಂಟೆಗಳನ್ನು ಮೇವಿಗೆ ಕರೆಯುವ ಹುಂಜವನ್ನು ಇಟ್ಟುಕೊಂಡು, ಉಳಿದವನ್ನು ಮಾಂಸಕ್ಕೆ ಕಳುಹಿಸಬೇಕು, ತಳಿಗೆಂದು ಮಾರಬಾರದು. ಪುಷ್ಯದಲ್ಲಿ ಹುಟ್ಟಿದ ಹುಂಜ ಭಾದ್ರಪದದ ಹೊತ್ತಿಗೆ ಚೆನ್ನಾಗಿ ಬಲಿತಿರುತ್ತದೆ. ಆಶ್ವಯುಜದ ಮೊದಲ ದಿನಗಳಲ್ಲಿ ಹಳೆಯ ಹುಂಜವನ್ನು ತೆಗೆದು ಇದನ್ನು ಹೊಸ ಗುಂಪಿಗೆ ಬಿಟ್ಟು, ಮೂರು ವಾರದ ಮೊಟ್ಟೆಗಳನ್ನು ಅಡುಗೆಗೆ ಕೊಟ್ಟರೆ, ದೀಪಾವಳಿಯ ಹೊತ್ತಿಗೆ ಮೊದಲ ಕುಕ್ಕೆಗೆ ಮೊಟ್ಟೆ ಕೂಡಿಡಲು ಶುರುಮಾಡಬಹುದು.